ಮೂರಾಣೆಯ ಉಪ್ಪು

ಐದನೇ ತರಗತಿಯ ಮಕ್ಕಳಿಗೆ ಕೊಡಬಹುದಾದ ಒಂದು ಲೆಕ್ಕ. ಒಬ್ಬ ಅಧಿಕಾರಿಯ ತಿಂಗಳ ಸಂಬಳ 21,000 ರೂಪಾಯಿ. ಅವನು ಆಳುವ ದೇಶದಲ್ಲಿ ಒಬ್ಬ ಪ್ರಜೆಯ ಸರಾಸರಿ ವರಮಾನ ದಿನಕ್ಕೆ ಎರಡಾಣೆಗೂ ಕಡಿಮೆ. ಹಾಗಾದರೆ ಅಧಿಕಾರಿಯ ವರಮಾನ ಪ್ರಜೆಯದಕ್ಕಿಂತ ಎಷ್ಟು ಪಟ್ಟು? ಮೂವತ್ತರಿಂದ ಭಾಗಿಸಿ, ದಿನಕ್ಕೆ 700 ರೂಪಾಯಿ. ರೂಪಾಯಿಗೆ ಹದಿನಾರಾಣೆ. ಉತ್ತರ, ಐದು ಸಾವಿರ ಪಟ್ಟಿಗೂ ಮೇಲೆ.

ಈ ಲೆಕ್ಕ ಗಾಂಧೀಜಿಯದು. 1930ರ ಮಾರ್ಚ್ 2ರಂದು ವೈಸ್‌ರಾಯ್ ಲಾರ್ಡ್ ಇರ್ವಿನ್‌ಗೆ ಬರೆದ ಕಾಗದದಲ್ಲಿ ಇದು ಬರುತ್ತದೆ. ಅಲ್ಲಿಗೂ ನಿಲ್ಲದೆ ಅವರು ಬ್ರಿಟಿಷ್ ಪ್ರಧಾನಿಯ ಸಂಬಳವನ್ನೂ ಅಳೆದಿದ್ದರು: ದಿನಕ್ಕೆ 180 ರೂಪಾಯಿ, ಅಲ್ಲಿನ ಪ್ರಜೆಯ ಸರಾಸರಿ ಸುಮಾರು ಎರಡು ರೂಪಾಯಿ, ಅಂದರೆ ತೊಂಬತ್ತು ಪಟ್ಟು. ನಿಮ್ಮ ಪ್ರಧಾನಿಗೆ ತೊಂಬತ್ತು ಸಾಕಾದರೆ ನಿಮಗೇಕೆ ಐದು ಸಾವಿರ ಎಂದು ಬಾಯಿಬಿಟ್ಟು ಕೇಳುವ ಅಗತ್ಯವೇ ಇರಲಿಲ್ಲ. ವಕೀಲಿ ಓದಿದವರ ಪತ್ರ, ಬನಿಯಾ ಮನೆತನದವರ ಲೆಕ್ಕ. ಕೂಡಿಸಿ ಕಳೆದು ನೋಡಿದರೂ ತಪ್ಪು ಸಿಗದು. ಆಶ್ರಮದಲ್ಲಿದ್ದ ರೆಜಿನಾಲ್ಡ್ ರೆನಾಲ್ಡ್ಸ್ ಎಂಬ ಇಂಗ್ಲಿಷ್ ತರುಣನ ಕೈಯಲ್ಲಿ ಕಾಗದ ದಿಲ್ಲಿಗೆ ಹೋಯಿತು.

ಉತ್ತರ ಬರೆದವರು ವೈಸ್‌ರಾಯ್ ಅವರ ಕಾರ್ಯದರ್ಶಿ. ಕಾನೂನು ಮುರಿಯುವ, ಶಾಂತಿ ಕದಡುವ ದಾರಿ ಹಿಡಿಯುತ್ತಿದ್ದೀರಿ, ವಿಷಾದವಾಗಿದೆ ಎನ್ನುವ ಕೆಲವೇ ಸಾಲು. ಐದು ಸಾವಿರ ಪಟ್ಟಿನ ಬಗ್ಗೆ ಚಕಾರವಿಲ್ಲ. ಹತ್ತು ದಿನ ಕಳೆದು ಕಾಗದ ಬರೆದವರು ಉಪ್ಪಿನ ಕಾಯಿದೆ ಮುರಿಯಲು ಕೋಲು ಹಿಡಿದು ದಂಡಿಯ ಕಡಲಿನ ಕಡೆ ನಡೆದರು. ಮುಂದಿನದು ಶಾಲೆಯ ಪುಸ್ತಕದಲ್ಲೇ ಇದೆ.

ಪುಸ್ತಕದಲ್ಲಿ ಇಲ್ಲದ ಒಂದು ಪ್ರಶ್ನೆ ನನ್ನನ್ನು ಕಾಡುತ್ತದೆ. ಕಾಗದದ ಲೆಕ್ಕ ನಿಜ. ಉಪ್ಪಿನ ನಡಿಗೆ ಹೇಳಿದ್ದೂ ಹೆಚ್ಚುಕಡಿಮೆ ಅದನ್ನೇ: ಬಡವನ ಬೆನ್ನ ಮೇಲೆ ಸರ್ಕಾರ ಕೂತಿದೆ. ಹಾಗಿದ್ದರೂ ಮೊದಲನೆಯದಕ್ಕೆ ಅಲುಗದ ಜನ ಎರಡನೆಯದಕ್ಕೆ ಎದ್ದು ನಿಂತರು, ಏಕೆ?

ಈ ಪ್ರಶ್ನೆ ನನಗೆ ಹತ್ತಿಕೊಂಡದ್ದು ಇತಿಹಾಸ ಓದಿ ಅಲ್ಲ, ಚಿಕ್ಕಪ್ಪನ ಜೊತೆ ಜಗಳವಾಡಿ. ಕಳೆದ ಚುನಾವಣೆಯ ಹೊತ್ತಿಗೆ ನಮ್ಮ ಮನೆಯ ವಾಟ್ಸ್ಆ್ಯಪ್ ಗುಂಪಿನಲ್ಲಿ ನಾನು ಮೂರು ವಾರ ಕೋಷ್ಟಕಗಳನ್ನು ಹಾಕಿದೆ. ಬೆಲೆಯೇರಿಕೆ, ಉದ್ಯೋಗ, ಸಾಲ, ಎಲ್ಲದಕ್ಕೂ ಬಣ್ಣಬಣ್ಣದ ರೇಖಾಚಿತ್ರ. ಪ್ರತಿಯಾಗಿ ಬಂದದ್ದು ಮುಂಜಾನೆಯ ಗುಲಾಬಿ ಹೂ, ಮತ್ತೆ ಯಾರದೋ ಹುಟ್ಟುಹಬ್ಬ. ಕೊನೆಗೆ ಚಿಕ್ಕಪ್ಪನೇ ಫೋನ್ ಮಾಡಿದರು. “ಅಲ್ಲಪ್ಪಾ, ನಿನ್ ಲೆಕ್ಕ ಸರಿ ಇರ್ಬೋದು. ನೀನು ಸಂತೆಗೆ ಹೋಗಿ ತರಕಾರಿ ತಂದಿದ್ದು ಯಾವಾಗ?” ಎಂದು ಕೇಳಿ, ಪಕ್ಕದ ಮನೆಯ ಹುಡುಗನ ಸುದ್ದಿ ತೆಗೆದರು. ಡಿಪ್ಲೊಮಾ ಮುಗಿಸಿ ಎರಡು ವರ್ಷ ಮನೆಯಲ್ಲೇ ಕೂತಿದ್ದಾನೆ, ಸಂಜೆ ಹೊತ್ತು ಯಾರ ಕಣ್ಣಿಗೂ ಬೀಳಬಾರದೆಂದು ಹಿತ್ತಲ ಬಾಗಿಲಿಂದ ಹೊರಗೆ ಹೋಗುತ್ತಾನೆ. ನಾನು ಕಳಿಸಿದ ಕೋಷ್ಟಕದಲ್ಲಿ ಆ ಹುಡುಗನೂ ಇದ್ದ, ದಶಮಾಂಶ ಬಿಂದುವಿನ ಬಲಗಡೆ ಎಲ್ಲೋ. ನನಗೆ ಕಂಡಿರಲಿಲ್ಲ. ಚಿಕ್ಕಪ್ಪನಿಗೆ ಕಂಡಿದ್ದವನು ಅವನೊಬ್ಬನೇ.

ನಾವಿಬ್ಬರೂ ಒಂದೇ ವಿಷಯ ಮಾತಾಡುತ್ತಿದ್ದೆವು. ಆದರೆ ಯೋಚಿಸುತ್ತಿದ್ದ ಬಗೆ ಬೇರೆ.

ಅಮೆರಿಕದ ಮನಶ್ಶಾಸ್ತ್ರಜ್ಞ ಜೆರೋಮ್ ಬ್ರೂನರ್ ಈ ವ್ಯತ್ಯಾಸದ ಬೆನ್ನು ಹತ್ತಿ ಬಹಳ ವರ್ಷ ಕಳೆದವರು. ನೂರು ವರ್ಷ ಬದುಕಿ 2016ರಲ್ಲಿ ತೀರಿಕೊಂಡರು. 1986ರ ಒಂದು ಪುಸ್ತಕದಲ್ಲಿ ಅವರು ಹೇಳಿದ್ದಿಷ್ಟು: ಮನುಷ್ಯ ಎರಡು ಬಗೆಯಲ್ಲಿ ಯೋಚಿಸುತ್ತಾನೆ. ಒಂದು ತರ್ಕದ, ವರ್ಗೀಕರಣದ, ಲೆಕ್ಕದ ಬಗೆ. ಇನ್ನೊಂದು ಕಥೆಯ ಬಗೆ. ಯಾರು, ಯಾವಾಗ, ಏಕೆ, ಆಮೇಲೇನಾಯಿತು ಎಂದು ಕೇಳುವಂಥದ್ದು. ಎರಡೂ ನಂಬಿಸಬಲ್ಲವು. ವಾದ ನಿಜವೋ ಸುಳ್ಳೋ ಎಂದು ತೂಗಿ ನೋಡುತ್ತೇವೆ. ಕಥೆ ಬದುಕಿಗೆ ಹತ್ತಿರವಾಗಿದೆಯೋ ಇಲ್ಲವೋ ಎಂದು. ಒಂದನ್ನು ಇನ್ನೊಂದಕ್ಕೆ ಇಳಿಸಲಾಗದು. ಇದಕ್ಕೂ ಇಪ್ಪತ್ತು ವರ್ಷ ಮೊದಲು, ಮಕ್ಕಳು ಕಲಿಯುವ ರೀತಿಯನ್ನು ಕುರಿತು ಬರೆಯುವಾಗ ಬ್ರೂನರ್ ಇನ್ನೊಂದು ಹಂಚಿಕೆ ಮಾಡಿದ್ದರು: ಕೈಯಿಂದ ಮಾಡಿ ತಿಳಿಯುವುದು, ಚಿತ್ರವಾಗಿ ಕಂಡು ತಿಳಿಯುವುದು, ಮಾತು ಮತ್ತು ಅಂಕಿಯಲ್ಲಿ ತಿಳಿಯುವುದು. ರಾಜಕೀಯದ ಬಗ್ಗೆ ಬರೆಯುವವರು ಈ ಮೊದಲನೆಯದನ್ನು, ಕೈಯ ತಿಳಿವನ್ನು, ಮರೆತುಬಿಡುತ್ತಾರೆ ಎಂಬುದು ನನ್ನ ತಕರಾರು. ಕೂತು ಬರೆಯುವವರಿಗೆ ಕೈಯ ನೆನಪಾಗದಿರುವುದು ಸಹಜವೇನೋ.

ಈಗ ಉಪ್ಪನ್ನೂ ಲೆಕ್ಕಕ್ಕೆ ಹಾಕೋಣ. 1930ರಲ್ಲಿ ಉಪ್ಪಿನ ಸುಂಕ ಮಣಕ್ಕೆ ಒಂದು ರೂಪಾಯಿ ನಾಲ್ಕಾಣೆ, ಅಂದರೆ ಇಪ್ಪತ್ತಾಣೆ. ಮಣವೆಂದರೆ ಸುಮಾರು 37 ಕಿಲೊ. ಒಬ್ಬ ಮನುಷ್ಯ ವರ್ಷಕ್ಕೆ ಐದೂವರೆ ಕಿಲೊ ಉಪ್ಪು ತಿನ್ನುತ್ತಾನೆಂದು ಇಟ್ಟುಕೊಂಡರೆ ಅವನು ಕೊಟ್ಟ ಸುಂಕ ವರ್ಷಕ್ಕೆ ಹತ್ತಿರ ಹತ್ತಿರ ಮೂರಾಣೆ. ಎರಡಾಣೆಯ ಸರಾಸರಿಯಲ್ಲಿ ಒಂದೂವರೆ ದಿನದ ಗಳಿಕೆ. ವರ್ಷದ ವರಮಾನದಲ್ಲಿ ನೂರಕ್ಕೆ ಅರ್ಧ ಪಾಲೂ ಆಗದು. ರೈತನಿಗೆ ಭೂಕಂದಾಯದ ಭಾರ ಇದಕ್ಕಿಂತ ಎಷ್ಟೋ ಹೆಚ್ಚು. ಆ ವರ್ಷದ ಜನವರಿಯಲ್ಲಿ ಗಾಂಧೀಜಿ ಸರ್ಕಾರದ ಮುಂದಿಟ್ಟ ಹನ್ನೊಂದು ಬೇಡಿಕೆಗಳಲ್ಲಿ ಭೂಕಂದಾಯ ಅರ್ಧಕ್ಕಿಳಿಸಿ, ಸೈನ್ಯದ ಖರ್ಚು ಅರ್ಧಕ್ಕಿಳಿಸಿ, ರೂಪಾಯಿಯ ವಿನಿಮಯ ದರ ಒಂದು ಶಿಲಿಂಗ್ ನಾಲ್ಕು ಪೆನ್ಸ್‌ಗೆ ತನ್ನಿ ಎನ್ನುವಂಥ ಘನವಾದ ಸಂಗತಿಗಳಿದ್ದವು. ಉಪ್ಪು ಅವುಗಳ ನಡುವೆ ಎಲ್ಲೋ ಇತ್ತು.

ಹಾಗಾಗಿ ಲೆಕ್ಕ ಬಲ್ಲವರಿಗೆಲ್ಲ ಉಪ್ಪಿನ ಆಯ್ಕೆ ವಿಚಿತ್ರವೆನಿಸಿತು. ಇಡೀ ರಾಷ್ಟ್ರದ ಹೋರಾಟಕ್ಕೂ ಅಡುಗೆಮನೆಯ ಉಪ್ಪಿಗೂ ಏನು ಸಂಬಂಧ ಎಂದು ತಬ್ಬಿಬ್ಬಾದದ್ದನ್ನು ಜವಾಹರಲಾಲ್ ನೆಹರೂ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾರೆ. ಕಲ್ಕತ್ತದ ‘ಸ್ಟೇಟ್ಸ್‌ಮನ್’ ಪತ್ರಿಕೆಗೆ ನಗು ತಡೆಯುವುದೇ ಕಷ್ಟವಾಗಿತ್ತು. ಉಪ್ಪಿನ ಚಳವಳಿಯಿಂದ ತನ್ನ ನಿದ್ದೆಯೇನೂ ಕೆಟ್ಟಿಲ್ಲ ಎಂದು ಇರ್ವಿನ್ ಲಂಡನ್ನಿಗೆ ಬರೆದರು. ಇವರೆಲ್ಲ ದಡ್ಡರಲ್ಲ. ಉಪ್ಪನ್ನು ಅಂಕಿಯಾಗಿ ಯೋಚಿಸಿದರು, ಅಷ್ಟೆ. ಅಂಕಿಯಾಗಿ ಅದು ಮೂರಾಣೆಯೇ.

ಅನ್ನದ ತಟ್ಟೆಯ ಪಕ್ಕದಲ್ಲಿಟ್ಟು ನೋಡಿದರೆ ಬೇರೆ. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎನ್ನುವ ನಾಡು ಇದು. ಉಪ್ಪು ತಿಂದ ಮನೆಗೆ ಎರಡು ಬಗೆಯಬಾರದು ಎನ್ನುತ್ತೇವೆ. ಮಾಡಿದ್ದುಣ್ಣಬೇಕು ಎನ್ನಲು ಉಪ್ಪು ತಿಂದವ ನೀರು ಕುಡಿಯಲೇಬೇಕು ಎನ್ನುತ್ತೇವೆ. ಮುಸ್ಸಂಜೆಯಲ್ಲಿ ಉಪ್ಪು ಕಡ ಕೊಡಬಾರದೆಂದು ಅಜ್ಜಿಯಂದಿರು ಗದರುತ್ತಿದ್ದರು. ಋಣ, ನಿಷ್ಠೆ, ದ್ರೋಹ ಇವನ್ನೆಲ್ಲ ನಾವು ಉಪ್ಪಿನ ಮಾತಲ್ಲೇ ಅಳೆಯುತ್ತ ಬಂದವರು. ಹಿಂದಿ, ಉರ್ದುವಿನಲ್ಲೂ ನಮಕ್ ಹೆಸರಿನಲ್ಲೇ ಸ್ವಾಮಿದ್ರೋಹಿಯನ್ನು ಬೈಯುವುದು. ಅಂಥ ಉಪ್ಪು ಕಡಲು ಬಿಟ್ಟಿ ಕೊಡುವ ವಸ್ತು. ಅದರ ಮೇಲೆ ಕಾವಲು ಕೂರಿಸಿ, ಬಾಚಿಕೊಂಡವನನ್ನು ಕಳ್ಳನೆನ್ನುವ ಸರ್ಕಾರ ಎಂಥದ್ದು ಎಂದು ತಿಳಿಯಲು ಗುಣಾಕಾರ ಬೇಡ. ಮೂರಾಣೆಯೋ ಮೂವತ್ತಾಣೆಯೋ ಎಂಬ ಪ್ರಶ್ನೆ ಅಲ್ಲಿ ಏಳುವುದೇ ಇಲ್ಲ. ಅದರ ಮೇಲೆ ಉಪ್ಪು ಯಾರನ್ನೂ ಒಡೆಯುವುದಿಲ್ಲ. ಕಂದಾಯ ನಿಲ್ಲಿಸಿ ಎಂದರೆ ಜಮೀನಿದ್ದವನು ಒಂದು ಕಡೆ, ಗೇಣಿದಾರ ಇನ್ನೊಂದು ಕಡೆ, ಕೂಲಿಯವನು ಎಲ್ಲೂ ಇಲ್ಲ. ಉಪ್ಪು ಮಸೀದಿಯ ಬೀದಿಯಲ್ಲೂ ಗುಡಿಯ ಬೀದಿಯಲ್ಲೂ ಒಂದೇ.

ಇನ್ನು ಕೈ. ಎಲ್ಲಕ್ಕಿಂತ ಜಾಣ ಭಾಗ ಇದು ಎಂದು ನನಗೆ ಅನ್ನಿಸುತ್ತದೆ. ವೈಸ್‌ರಾಯ್ ಸಂಬಳ ಅನ್ಯಾಯವೆಂದು ಒಪ್ಪಿದ ಹಳ್ಳಿಯವನು ನಾಳೆ ಬೆಳಿಗ್ಗೆ ಎದ್ದು ಏನು ಮಾಡಬೇಕು? ಏನೂ ಇಲ್ಲ. ಉಪ್ಪಿನ ಕಾಯಿದೆ ಅನ್ಯಾಯವೆಂದು ಒಪ್ಪಿದವನಿಗೆ ಬಗ್ಗಿ ಬಾಚಿಕೊಳ್ಳುವ ಕೆಲಸವಿದೆ. ಕೈ ಒಮ್ಮೆ ಬಾಚಿತೆಂದರೆ ಮನಸ್ಸು ಹಿಂದೆಯೇ ಬರುತ್ತದೆ. ನಂಬಿದ ಮೇಲೆ ಮಾಡುತ್ತೇವೆಂದು ತಿಳಿದಿರುತ್ತೇವೆ. ಬಹಳ ಸಲ ಮಾಡಿದ ಮೇಲೆ ನಂಬುತ್ತೇವೆ.

ಇದನ್ನು ಚೆನ್ನಾಗಿ ಅರಿತವರಲ್ಲಿ ಒಬ್ಬರು ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ. ದಂಡಿಗೆ ಹೊರಟ ತಂಡದಲ್ಲಿ ಹೆಂಗಸರು ಇರಲಿಲ್ಲ. ಹೆಂಗಸರನ್ನೂ ಸತ್ಯಾಗ್ರಹಕ್ಕೆ ಬಿಡಬೇಕೆಂದು ಗಾಂಧೀಜಿಯನ್ನು ಒಪ್ಪಿಸಿದವರಲ್ಲಿ ಕಮಲಾದೇವಿ ಮುಖ್ಯರು; ಆಗ ಅವರಿಗೆ ಇಪ್ಪತ್ತೇಳು ವರ್ಷ. ಮುಂಬಯಿಯ ಕಡಲಂಚಿನಲ್ಲಿ ಉಪ್ಪು ಮಾಡಿ, ಪೊಟ್ಟಣ ಕಟ್ಟಿ, ಅವರು ಅದನ್ನು ಮಾರಲು ಹೋದದ್ದು ಎಲ್ಲಿಗೆ ಗೊತ್ತೇ? ಶೇರುಪೇಟೆಗೆ. ಬೆಳಗಿನಿಂದ ಸಂಜೆಯವರೆಗೆ ಅಂಕಿಯಲ್ಲೇ ಉಸಿರಾಡುವ, ಕಾಸಿಗೆ ಕಾಸು ತಾಳೆ ಹಾಕುವ ದಲ್ಲಾಳಿಗಳ ನಡುವೆ ಖಾದಿ ಸೀರೆಯ ಹೆಂಗಸೊಬ್ಬರು ಕಾಯಿದೆ ಮುರಿದ ಉಪ್ಪಿನ ಪೊಟ್ಟಣ ಹಿಡಿದು ನಿಂತರು. ಉಪ್ಪಿನ ಬೆಲೆ ಅಲ್ಲಿದ್ದವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಲು ಸಾಧ್ಯ! ಉಪ್ಪಿನ ಬೆಲೆ ಕೊಟ್ಟು ಉಪ್ಪು ಕೊಳ್ಳುವುದಾದರೆ ಆ ಪೊಟ್ಟಣಕ್ಕೆ ಒಂದು ಕಾಸೂ ಹೆಚ್ಚು. ಅವರು ಕೊಟ್ಟದ್ದು ಮತ್ತೇನಕ್ಕೋ. ಹೈಕೋರ್ಟಿಗೂ ಹೋದ ಕಮಲಾದೇವಿ, ಸ್ವಾತಂತ್ರ್ಯದ ಉಪ್ಪು ಬೇಕೇ ಎಂದು ಅಲ್ಲಿನ ನ್ಯಾಯಾಧೀಶರನ್ನೇ ಕೇಳಿದರೆಂಬ ಪ್ರಸಂಗವೂ ಇದೆ. ಕೊನೆಗೆ ಜೈಲು ಕಂಡರು.

ಕನ್ನಡದ ನೆಲದಲ್ಲಿ ಈ ಕೆಲಸ ಮುಖ್ಯವಾಗಿ ನಡೆದದ್ದು ಅಂಕೋಲೆಯಲ್ಲಿ. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಉತ್ತರ ಕನ್ನಡದ ಆ ಊರಿನ ಕಡಲಂಚಿನಲ್ಲಿ 1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಉಪ್ಪಿನ ಕಾಯಿದೆ ಮುರಿದರು. ಆ ಉಪ್ಪನ್ನೂ ಹರಾಜು ಹಾಕಲಾಯಿತು. ಬೇರೆಲ್ಲೂ ಅಲ್ಲ, ಉಪ್ಪಿನ ಆಗರಗಳ ಸೀಮೆಯಲ್ಲೇ ಉಪ್ಪಿಗೆ ಹರಾಜು. ತೆಂಗಿನ ತೋಟದವನಿಗೆ ತೆಂಗಿನಕಾಯಿ ಮಾರಿದ ಹಾಗೆ. ಅದರ ಬೆನ್ನಿಗೆ ಅದೇ ತಾಲೂಕಿನ ರೈತರು ಕರನಿರಾಕರಣೆಗೆ ಇಳಿದು ಹೊಲ, ಮನೆ, ಪಾತ್ರೆಪಗಡ ಕಳೆದುಕೊಂಡರು. ಅಷ್ಟು ದೊಡ್ಡ ನಷ್ಟಕ್ಕೆ ಅವರನ್ನು ಅಣಿಗೊಳಿಸಿದ್ದರಲ್ಲಿ ಆ ಸಣ್ಣ ಪೊಟ್ಟಣಕ್ಕೂ ಪಾಲಿದೆ ಎಂದು ನಂಬುತ್ತೇನೆ. ದಂಡಿಯ ದಾರಿಯಲ್ಲಿ ಗಾಂಧೀಜಿಯ ಜೊತೆಗಿದ್ದ ಕನ್ನಡಿಗ, ಈಗಿನ ಹಾವೇರಿ ಜಿಲ್ಲೆಯ ಮೋಟೆಬೆನ್ನೂರಿನ ಮೈಲಾರ ಮಹದೇವಪ್ಪ, ಆಗಿನ್ನೂ ಇಪ್ಪತ್ತು ತುಂಬದ ಹುಡುಗ. ಹದಿಮೂರು ವರ್ಷದ ನಂತರ ಹೊಸರಿತ್ತಿಯಲ್ಲಿ ಪೊಲೀಸರ ಗುಂಡಿಗೆ ಬಿದ್ದರು.

ಇಲ್ಲಿಗೆ ಬಂದವರು ಸಾಮಾನ್ಯವಾಗಿ ಒಂದು ತೀರ್ಪು ಕೊಟ್ಟು ಎದ್ದುಬಿಡುತ್ತಾರೆ: ಜನಕ್ಕೆ ಲೆಕ್ಕ ಬೇಡ, ಭಾವನೆ ಬೇಕು. ಟೀವಿ ಚರ್ಚೆಗಳಲ್ಲಿ ಸೋತ ಪಕ್ಷದವರು ಆಡುವ ಮಾತೂ ಇದೇ. ಇದಕ್ಕೆ ಬೆಂಬಲವಾಗಿ ವಿಜ್ಞಾನವೂ ಸಿಗುತ್ತದೆ. 2007ರಲ್ಲಿ ಡೆಬೊರಾ ಸ್ಮಾಲ್, ಜಾರ್ಜ್ ಲೋವೆನ್‌ಸ್ಟೈನ್, ಪಾಲ್ ಸ್ಲೋವಿಕ್ ಎಂಬ ಮೂವರು ಪ್ರಕಟಿಸಿದ ಪ್ರಯೋಗ ಬಹಳ ಹೆಸರಾದದ್ದು. ಒಂದು ಪ್ರಶ್ನಾವಳಿ ತುಂಬಿದ್ದಕ್ಕೆ ಕೂಲಿಯಾಗಿ ಐದು ಡಾಲರ್ ಕೊಟ್ಟು, ಅದರಲ್ಲಿ ಆಫ್ರಿಕದ ಹಸಿವಿಗೆ ಎಷ್ಟು ದಾನ ಕೊಡುವಿರಿ ಎಂದು ಕೇಳಿದರು. ಕೆಲವರಿಗೆ ಮಾಲಿ ದೇಶದ ರೋಕಿಯಾ ಎಂಬ ಏಳು ವರ್ಷದ ಹುಡುಗಿಯ ಕಥೆ ತೋರಿಸಿದರು. ಅವರು ಸರಾಸರಿ 2.38 ಡಾಲರ್ ಕೊಟ್ಟರು. ಲಕ್ಷಾಂತರ ಜನರ ಹಸಿವಿನ ಅಂಕಿಅಂಶ ನೋಡಿದವರು ಕೊಟ್ಟದ್ದು 1.14. ಎರಡನ್ನೂ ಒಟ್ಟಿಗೆ ನೋಡಿದವರು? ಹೆಚ್ಚಾಗಬೇಕಿತ್ತಲ್ಲ. 1.43ಕ್ಕೆ ನಿಂತಿತು. ಅಂಕಿ ಬಂದು ಹುಡುಗಿಯ ಪಕ್ಕದಲ್ಲಿ ಕೂತದ್ದೇ ತಡ, ಕೈ ಬಿಗಿಯಾಯಿತು. ಇನ್ನೊಂದು ಸುತ್ತಿನಲ್ಲಿ ದಾನ ಕೇಳುವ ಮುನ್ನ ಕೆಲವರಿಂದ ಸುಮ್ಮನೆ ಒಂದಷ್ಟು ಗಣಿತ ಮಾಡಿಸಿದರು, ಹಸಿವಿಗೂ ಅದಕ್ಕೂ ಸಂಬಂಧವಿಲ್ಲದ ಗಣಿತ. ಅವರೂ ರೋಕಿಯಾಳಿಗೆ ಕಡಿಮೆ ಕೊಟ್ಟರು. ಮನಸ್ಸು ಲೆಕ್ಕದ ಹಳಿಗೆ ಬಿದ್ದ ಮೇಲೆ ಹುಡುಗಿಯ ಮುಖ ಮಸುಕಾಗುತ್ತದೆ.

ಹಾಗಾದರೆ ಲೆಕ್ಕವನ್ನು ಅಟ್ಟಕ್ಕೆ ಹಾಕಿ ಕಥೆ ಹೇಳುತ್ತ ಹೋಗುವುದೇ? ಪ್ರಚಾರದ ಗುತ್ತಿಗೆ ಹಿಡಿಯುವ ಕಂಪನಿಗಳು ಮಾಡುವುದು ಅದನ್ನೇ. ಗಾಂಧೀಜಿ ಮಾತ್ರ ಹಾಗೆ ಮಾಡಲಿಲ್ಲ. ಉಪ್ಪಿನ ನಡಿಗೆಯನ್ನು ಬರಿಯ ನಾಟಕವೆಂದು ತಿಳಿದವರು ಒಂದು ಸಣ್ಣ ಸಂಗತಿ ಗಮನಿಸಿರುವುದಿಲ್ಲ. ಹೊರಡುವ ಮುನ್ನ ಅವರು ‘ನವಜೀವನ’ದಲ್ಲಿ ದಾರಿಯ ಹಳ್ಳಿಗಳಿಂದ ಏನೇನು ವಿವರ ಬೇಕೆಂದು ಪಟ್ಟಿ ಹಾಕಿದ್ದರು. ಜನಸಂಖ್ಯೆ ಎಷ್ಟು, ಗಂಡಸರು ಹೆಂಗಸರು ಎಷ್ಟು, ಯಾವ ಯಾವ ಮತದವರು, ಅಸ್ಪೃಶ್ಯರೆಂದು ದೂರವಿಟ್ಟವರು ಎಷ್ಟು, ಶಾಲೆಗೆ ಹೋಗುವ ಹುಡುಗ ಹುಡುಗಿಯರು ಎಷ್ಟು, ಚರಕ ಎಷ್ಟು, ಖಾದಿ ಮಾರಾಟ ಎಷ್ಟು, ಹಸು ಎಮ್ಮೆ ಎಷ್ಟು, ಕಂದಾಯದ ದರವೇನು, ಗೋಮಾಳ ಎಷ್ಟು. ತಲೆಗೆ ಎಷ್ಟು ಉಪ್ಪು ಖರ್ಚಾಗುತ್ತದೆ, ದನಕರುಗಳಿಗೆ ಎಷ್ಟು ಹಾಕುತ್ತೀರಿ ಎಂಬುದೂ ಅದರಲ್ಲಿತ್ತು. ಗುಜರಾತ್ ವಿದ್ಯಾಪೀಠದ ವಿದ್ಯಾರ್ಥಿಗಳು ಮೊದಲೇ ಊರು ಮುಟ್ಟಿ ಇದನ್ನು ಕಲೆಹಾಕುತ್ತಿದ್ದರು. ಗಾಂಧೀಜಿ ಆ ಊರಿನ ಅಂಕಿ ಹಿಡಿದೇ ಆ ಊರಿನಲ್ಲಿ ಮಾತಾಡುತ್ತಿದ್ದರು. 241 ಮೈಲಿಯ ಆ ನಡಿಗೆಯ ಜೋಳಿಗೆಯಲ್ಲಿ ಒಂದು ಲೆಕ್ಕದ ಪುಸ್ತಕವೂ ಇತ್ತು.

ಇನ್ನೊಂದು ಪ್ರಸಂಗ ಸೂರತ್ ಹತ್ತಿರದ ಭಟ್‌ಗಾಮದ್ದು, ಮಾರ್ಚ್ 29ರ ರಾತ್ರಿ. ದಾರಿಯಲ್ಲಿ ಒಬ್ಬ ಕೂಲಿಯವನು ಭಾರವಾದ ಕಿಟ್ಸನ್ ದೀಪವನ್ನು ತಲೆಯ ಮೇಲೆ ಹೊತ್ತು, ನಡಿಗೆಯವರಿಗೆ ಬೆಳಕು ತೋರಿಸುತ್ತ ಓಡುನಡಿಗೆಯಲ್ಲಿ ಸಾಗುತ್ತಿದ್ದ. ಸೂರತ್‌ನಿಂದ ಲಾರಿಯಲ್ಲಿ ಹಾಲು, ತರಕಾರಿ ತರಿಸಿದ್ದರು. ಗಾಂಧೀಜಿ ಅದನ್ನು ಕಂಡು ಸಭೆಯಲ್ಲಿ ತಮ್ಮನ್ನೂ ತಮ್ಮವರನ್ನೂ ಝಾಡಿಸಿದರು. ಅವರು ಎತ್ತಿಕೊಂಡದ್ದು ಅದೇ ಹಳೆಯ ಲೆಕ್ಕ: ದೇಶದ ಸರಾಸರಿ ವರಮಾನ ದಿನಕ್ಕೆ ಏಳು ಪೈಸೆ, ಅಂದರೆ ಎರಡಾಣೆಗೂ ಕಡಿಮೆ, ನಮ್ಮ ಒಬ್ಬೊಬ್ಬರ ಖರ್ಚು ಅದರ ಎಷ್ಟು ಪಟ್ಟು? ಐವತ್ತು ಪಟ್ಟಾದರೂ ಇದ್ದೀತು. ಹಾಗಿರುವಾಗ ವೈಸ್‌ರಾಯ್‌ಗೆ ಸಂಬಳದ ಬಗ್ಗೆ ಬರೆಯಲು ನನಗೇನು ಹಕ್ಕಿದೆ? ದಿಲ್ಲಿಯಲ್ಲಿ ಕಡತ ಸೇರಿದ್ದ ಗುಣಾಕಾರ ಭಟ್‌ಗಾಮದಲ್ಲಿ ದೀಪ ಹೊತ್ತವನ ತಲೆಯ ಮೇಲೆ ಬಂದು ಕೂತಿತು. ಕೇಳಿದವರಿಗೆ ಅದು ಅರ್ಥವಾಗದೆ ಇರಲು ಸಾಧ್ಯವೇ ಇರಲಿಲ್ಲ. ಅಂಕಿ ಅದೇ, ಮನಸ್ಸಿನ ಬೇರೆ ಬಾಗಿಲು.

ಲೆಕ್ಕ ಬಲ್ಲವನು ಸುಲಭಕ್ಕೆ ಮೋಸಹೋಗುವುದಿಲ್ಲ ಎಂಬ ನಂಬಿಕೆಗೂ ಪೆಟ್ಟು ಬಿದ್ದಿದೆ. ಯೇಲ್ ವಿಶ್ವವಿದ್ಯಾಲಯದ ಡ್ಯಾನ್ ಕಹಾನ್ ಮತ್ತು ಜೊತೆಗಾರರು 2013ರಲ್ಲಿ ಸಾವಿರಕ್ಕೂ ಹೆಚ್ಚು ಅಮೆರಿಕನ್ನರಿಗೆ ಒಂದು ಪುಟ್ಟ ಕೋಷ್ಟಕ ಕೊಟ್ಟರು. ಕೆಲವರಿಗೆ ಅದು ಚರ್ಮದ ತುರಿಗೆ ಹಚ್ಚುವ ಮುಲಾಮಿನ ಪರೀಕ್ಷೆ ಎಂದರು; ಗಣಿತ ಚೆನ್ನಾಗಿ ಬರುವವರು ಹೆಚ್ಚಿನಂಶ ಸರಿಯುತ್ತರ ಕಂಡುಕೊಂಡರು. ಉಳಿದವರಿಗೆ ಅವೇ ಅಂಕಿಗಳನ್ನು ಬಂದೂಕು ನಿಷೇಧ ಮತ್ತು ಅಪರಾಧದ ಅಂಕಿ ಎಂದು ಕೊಟ್ಟರು. ಈಗ ಸರಿಯುತ್ತರ ತಮ್ಮ ಪಕ್ಷಕ್ಕೆ ಹಿತವಾಗಿದ್ದರೆ ಮಾತ್ರ ಜಾಣರಿಗೆ ಹೊಳೆಯಿತು. ಅಹಿತವಾಗಿದ್ದರೆ ಗಣಿತವೇ ಮರೆತಂತಾಯಿತು. ಗಣಿತದಲ್ಲಿ ಮುಂದಿದ್ದವರ ನಡುವೆಯೇ ಪಕ್ಷದ ಬಿರುಕು ಹೆಚ್ಚು ಅಗಲ. ಜಾಣನಿಗೆ ಲೆಕ್ಕ ಕೆಲವೊಮ್ಮೆ ದೀಪ, ಕೆಲವೊಮ್ಮೆ ತನ್ನ ಮನೆಗೆ ತಾನೇ ಇಟ್ಟುಕೊಂಡ ವಕೀಲ. ಚಿಕ್ಕಪ್ಪನಿಗೆ ಕಳಿಸಲು ನಾನು ಆರಿಸಿದ್ದ ರೇಖಾಚಿತ್ರಗಳಲ್ಲಿ ನನ್ನ ಮಾತಿಗೆ ಒಪ್ಪದ ಒಂದೂ ಇರಲಿಲ್ಲ ಎಂಬುದು ಇದನ್ನು ಓದುವಾಗ ನೆನಪಾಯಿತು.

ಕೈಯ ತಿಳಿವಿನ ಮಾತು ಬಂದಾಗ ಉಪ್ಪಿಗೂ ಮೂರು ವರ್ಷ ಹಿಂದೆ ಹೋಗಲೇಬೇಕು. ಸಾರ್ವಜನಿಕ ಕೆರೆ ಬಾವಿಗಳು ಅಸ್ಪೃಶ್ಯರಿಗೂ ಮುಕ್ತ ಎಂದು ಮುಂಬಯಿ ಶಾಸನಸಭೆ 1923ರಲ್ಲೇ ನಿರ್ಣಯ ಮಾಡಿತ್ತು. ಈಗಿನ ಮಹಾರಾಷ್ಟ್ರದ ಮಹಾಡ ಊರಿನ ಪುರಸಭೆಯೂ ಮರುವರ್ಷ ಒಪ್ಪಿತ್ತು. ಕಾಗದ ಸರಿಯಾಗಿಯೇ ಇತ್ತು, ಅಲ್ಲಿನ ಚವದಾರ ಕೆರೆಯ ನೀರನ್ನು ಮಾತ್ರ ಅಸ್ಪೃಶ್ಯರೆನಿಸಿಕೊಂಡವರು ಯಾರೂ ಮುಟ್ಟಿರಲಿಲ್ಲ. 1927ರ ಮಾರ್ಚ್ 20ರಂದು ಅಂಬೇಡ್ಕರ್ ಸಾವಿರಾರು ಜನರೊಂದಿಗೆ ಅಲ್ಲಿಗೆ ನಡೆದು, ಮೆಟ್ಟಿಲಿಳಿದು, ನೀರು ಕುಡಿದರು. ರೂಪಾಯಿಯ ವಿನಿಮಯ ದರದ ಮೇಲೆ ಪುಸ್ತಕ ಬರೆದ ಅರ್ಥಶಾಸ್ತ್ರಜ್ಞರು ಅವರು, ಬ್ಯಾರಿಸ್ಟರ್ ಬೇರೆ. ಅಂಕಿ ಮತ್ತು ಕಾಯಿದೆಯಲ್ಲಿ ಅವರನ್ನು ಮೀರಿಸುವವರು ಕಡಿಮೆ. ಆದರೂ ನಾಲ್ಕು ವರ್ಷದ ನಿರ್ಣಯ ಮಾಡಲಾಗದ್ದನ್ನು ಒಂದು ಬೊಗಸೆ ಮಾಡಿತು. ಕುಡಿದವರಿಗೆ ಅದು ತಾವು ಯಾರೆಂದು ಹೇಳಿತು, ನೋಡಿದವರಿಗೂ. ನೋಡಿದವರು ಅದನ್ನು ಎಷ್ಟು ಸ್ಪಷ್ಟವಾಗಿ ಅರ್ಥ ಮಾಡಿಕೊಂಡರೆಂದರೆ ಹಲ್ಲೆ ಮಾಡಿದರು, ಆಮೇಲೆ ಕೆರೆಗೆ ಶುದ್ಧೀಕರಣ ಮಾಡಿದರು. ಕಾಯಿದೆಯ ಹೋರಾಟವನ್ನು ಅಂಬೇಡ್ಕರ್ ಬಿಡಲಿಲ್ಲ. ಹೈಕೋರ್ಟಿನ ಕೊನೆಯ ತೀರ್ಪು ಅವರ ಕಡೆಗೆ ಬಂದದ್ದು ಹತ್ತು ವರ್ಷದ ಮೇಲೆ, 1937ರಲ್ಲಿ. ಗಾಂಧಿ, ಅಂಬೇಡ್ಕರ್ ಇಬ್ಬರ ನಡುವೆ ಒಪ್ಪದ ಸಂಗತಿಗಳು ಬೇಕಾದಷ್ಟಿದ್ದವು. ಬೊಗಸೆಗೂ ಕಡತಕ್ಕೂ ಎರಡಕ್ಕೂ ಕೆಲಸ ಕೊಡಬೇಕೆಂಬುದನ್ನು ಇಬ್ಬರೂ ಬಲ್ಲರು.

ನಂತರದ ರಾಜಕಾರಣ ಕೈಯ ಪಾಠವನ್ನು ಚೆನ್ನಾಗಿ ಕಲಿಯಿತು. 1989ರಲ್ಲಿ ಊರೂರಿನಲ್ಲಿ ಇಟ್ಟಿಗೆಗೆ ಪೂಜೆ ಮಾಡಿಸಿ ಅಯೋಧ್ಯೆಗೆ ಕಳಿಸಿದರು. ಸರ್ದಾರ್ ಪಟೇಲರ ಪ್ರತಿಮೆಗೆ ರೈತರಿಂದ ಹಳೆಯ ಕಬ್ಬಿಣ ಬೇಡಿದರು. ಪಕ್ಷದ ಸದಸ್ಯನಾಗಲು ಒಂದು ಮಿಸ್ಡ್ ಕಾಲ್ ಸಾಕೆಂದರು. 2023ರ ಚುನಾವಣೆಯಲ್ಲಿ ನಮ್ಮಲ್ಲಿ ಮನೆಮನೆಗೆ ಬಂದದ್ದು ನಾಯಕರ ಸಹಿಯಿದ್ದ ಗ್ಯಾರಂಟಿ ಕಾರ್ಡ್. ಪ್ರಣಾಳಿಕೆಯನ್ನು ಯಾರೂ ಬೀರುವಿನಲ್ಲಿಡುವುದಿಲ್ಲ, ಕಾರ್ಡನ್ನು ರೇಷನ್ ಕಾರ್ಡಿನ ಜೊತೆಗಿಟ್ಟವರನ್ನು ಕಂಡಿದ್ದೇನೆ. ಆ ಜೂನ್ 11ರಿಂದ ಬಸ್ಸಿನಲ್ಲಿ ಹೆಂಗಸರ ಕೈಗೆ ಕಂಡಕ್ಟರ್ ಕೊಡುವ ಸೊನ್ನೆ ರೂಪಾಯಿಯ ಟಿಕೆಟನ್ನೂ ಹೀಗೆ ನೋಡಬಹುದು. ಲೆಕ್ಕದ ದೃಷ್ಟಿಯಲ್ಲಿ ಟಿಕೆಟೇ ಇಲ್ಲದಿರುವುದಕ್ಕೂ ಸೊನ್ನೆಯ ಟಿಕೆಟಿಗೂ ಪ್ರಯಾಣಿಕರ ಜೇಬಿನಲ್ಲಿ ವ್ಯತ್ಯಾಸವಿಲ್ಲ. ಸಾರಿಗೆ ನಿಗಮದವರಿಗೆ ಸರ್ಕಾರದಿಂದ ಹಣ ಪಡೆಯಲು ಅದು ಬೇಕು. ಹೆಂಗಸರಿಗೆ ಅದು ದಿನಕ್ಕೆರಡು ಸಲ ಬೆರಳ ನಡುವೆ ಬಂದು ಹೋಗುವ ಸರ್ಕಾರ. ಇದನ್ನು ದಂಡ ಖರ್ಚೆನ್ನುವವರು ಬಜೆಟ್ಟಿನ ಸಾವಿರಾರು ಕೋಟಿ ಹೇಳುತ್ತಾರೆ. ಆ ಅಂಕಿಯೂ ಸುಳ್ಳಲ್ಲ. ಆದರೆ ಕೋಟಿಯನ್ನು ಬೆರಳಲ್ಲಿ ಹಿಡಿಯಲಾಗದು.

ಇಟ್ಟಿಗೆ, ಕಾರ್ಡು, ಟಿಕೆಟು ಎಲ್ಲವೂ ಒಂದೇ ಎಂದು ನಾನು ಹೇಳುತ್ತಿಲ್ಲ. ಕೈಗೆ ಸಿಕ್ಕದ್ದು ನಿಜವೇ ಆಗಿರಬೇಕೆಂದಿಲ್ಲ. ಕಣ್ಣೀರು ತರಿಸಿದ ಕಥೆ ಕಟ್ಟುಕಥೆಯಾಗಿರಬಹುದು. ಎದುರಾಳಿಗಳಿಗೂ ಈ ಉಪಾಯ ಗೊತ್ತು. ಗಾಂಧೀಜಿ ಇರ್ವಿನ್ ಜೊತೆ ಮಾತುಕತೆಗೆ ಹೋದಾಗ ಚರ್ಚಿಲ್ ವಾದ ಮಾಡುವ ಗೋಜಿಗೆ ಹೋಗದೆ, ಅರೆಬೆತ್ತಲೆ ಫಕೀರನೊಬ್ಬ ವೈಸ್‌ರಾಯ್ ಅರಮನೆಯ ಮೆಟ್ಟಿಲೇರುವ ಚಿತ್ರ ಬಿಡಿಸಿದರು. ಆ ಚಿತ್ರಕ್ಕೆ ಅಂಕಿಯಿಂದ ಉತ್ತರ ಕೊಡಲಾದೀತೇ?

ಅದಕ್ಕೇ ಒಂದು ವಿಚಿತ್ರ ಪ್ರಸಂಗವನ್ನು ಇಲ್ಲಿ ಹೇಳಬೇಕು. 2014ರ ಕೊನೆಯಲ್ಲಿ ಅಮೆರಿಕದ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು: ಮನೆಬಾಗಿಲಿಗೆ ಹೋಗಿ ಸ್ವಲ್ಪ ಹೊತ್ತು ಆಪ್ತವಾಗಿ ಮಾತಾಡಿದರೆ ಸಲಿಂಗ ವಿವಾಹದ ಬಗ್ಗೆ ಜನರ ನಿಲುವು ಬದಲಾಗುತ್ತದೆ, ಬದಲಾಗಿ ಹಾಗೇ ಉಳಿಯುತ್ತದೆ. ಸೊಗಸಾದ ಕಥೆ. ಡೇವಿಡ್ ಬ್ರೂಕ್‌ಮನ್ ಮತ್ತು ಜೋಶುವಾ ಕಲ್ಲಾ ಎಂಬ ಯುವ ಸಂಶೋಧಕರು ಅದನ್ನೇ ಮುಂದುವರಿಸಲು ಹೊರಟು ಅಂಕಿಗಳನ್ನು ಕೆದಕಿದರು. ಅಂಕಿ ನಂಬುವಂತಿರಲಿಲ್ಲ. 2015ರಲ್ಲಿ ಪತ್ರಿಕೆ ಲೇಖನ ಹಿಂತೆಗೆದುಕೊಂಡಿತು. ಕಥೆ ಅಲ್ಲಿಗೆ ಮುಗಿಯಲಿಲ್ಲ. ಅವರಿಬ್ಬರೂ ಮಿಯಾಮಿಯಲ್ಲಿ ನಿಜವಾಗಿಯೇ ಪ್ರಯೋಗ ಮಾಡಿದರು. ಟ್ರಾನ್ಸ್‌ಜೆಂಡರ್ ಜನರ ಬಗ್ಗೆ ಮತದಾರರೊಡನೆ ಹತ್ತು ನಿಮಿಷದ ಮಾತು. ಹೋದವರು ಭಾಷಣ ಮಾಡಲಿಲ್ಲ; ನೀವು ಬೇರೆಯವರ ಹಾಗಿಲ್ಲವೆಂದು ನಿಮ್ಮನ್ನು ಯಾರಾದರೂ ಕೀಳಾಗಿ ಕಂಡದ್ದು ನೆನಪಿದೆಯೇ ಎಂದು ಕೇಳಿ, ಕೂತು ಕೇಳಿಸಿಕೊಂಡರು. ಮೂರು ತಿಂಗಳ ನಂತರವೂ ಅದರ ಪರಿಣಾಮ ಉಳಿದಿತ್ತು. 2016ರಲ್ಲಿ ಅದೇ ಪತ್ರಿಕೆಯಲ್ಲಿ ಈ ಫಲಿತಾಂಶ ಬಂತು. ಮತದಾರರ ಮನಸ್ಸು ತೆರೆದದ್ದು ಅವರದೇ ಕಥೆ. ಆದರೆ ಆ ಕಥೆಗೆ ಆ ಶಕ್ತಿ ಇದೆಯೇ ಎಂದು ಹೇಳಬಲ್ಲದ್ದು ಮುಲಾಜಿಲ್ಲದ ಲೆಕ್ಕವೊಂದೇ.

1931ರ ಮಾರ್ಚ್ 5ರ ಗಾಂಧಿ-ಇರ್ವಿನ್ ಒಪ್ಪಂದವನ್ನು ಲೆಕ್ಕದವರು ಈಗಲೂ ಗೊಣಗುತ್ತ ಓದುತ್ತಾರೆ. ಇಷ್ಟೆಲ್ಲ ಆಗಿ ಸಿಕ್ಕದ್ದೇನು? ಕಡಲಂಚಿನವರು ಮನೆಬಳಕೆಗೆ ಉಪ್ಪು ಮಾಡಿಕೊಳ್ಳಬಹುದು. ಸುಂಕ ಹಾಗೇ ಉಳಿದು, ಹೋದದ್ದು 1947ರಲ್ಲಿ. ಮೂರಾಣೆಯ ಹೋರಾಟದಲ್ಲಿ ಬಹುತೇಕರಿಗೆ ಮೂರಾಣೆಯೂ ಉಳಿಯಲಿಲ್ಲ.

ಹೋದ ಏಪ್ರಿಲ್‌ನಲ್ಲಿ ಗೋಕರ್ಣಕ್ಕೆ ಹೋದವನು ಸಾಣಿಕಟ್ಟಾದ ಉಪ್ಪಿನ ಆಗರಕ್ಕೂ ಹೋಗಿದ್ದೆ. ಬಿಸಿಲಿಗೆ ಕಣ್ಣು ಬಿಡಲಾಗುತ್ತಿರಲಿಲ್ಲ. ಚೌಕ ಚೌಕ ಮಾಡಿದ ಮಡಿಗಳಲ್ಲಿ ನೀರು ಆರಿ, ಹೆಂಗಸರು ಗಂಡಸರು ಉಪ್ಪನ್ನು ಎಳೆದು ಬದಿಗೆ ಗುಡ್ಡೆ ಹಾಕುತ್ತಿದ್ದರು. ಕಡಲ ಉಪ್ಪು ಅಚ್ಚ ಬಿಳಿಯಲ್ಲ, ನಸು ಬೂದು; ಹರಳು ದಪ್ಪ. ರಸ್ತೆಬದಿಯಲ್ಲಿ ಮೂಟೆ ಬಿಚ್ಚಿಕೊಂಡು ಕೂತಿದ್ದ ಮುದುಕಿಯ ಹತ್ತಿರ ಎರಡು ಸೇರು ಕೇಳಿದೆ. ತಲೆಯಲ್ಲಿ ಮಣ, ಆಣೆ, ಭಾಗಾಕಾರ ಓಡುತ್ತಿತ್ತು. ಈ ಎರಡು ಸೇರಿಗೆ ಅಂದಿನ ಲೆಕ್ಕದಲ್ಲಿ ಸುಂಕ ಎಷ್ಟಾಗುತ್ತಿತ್ತು ಎಂದು ಬಾಯಲ್ಲೇ ಗುಣಿಸಿಬಿಟ್ಟೆನೇನೋ. ಆಕೆ ಚೀಲಕ್ಕೆ ಎರಡು ಸೇರು ಸುರಿದು, ಮೇಲೆ ಒಂದು ಬೊಗಸೆ ಹಾಕಿದರು.

“ಇದೆಷ್ಟು?” ಎಂದೆ.

“ಅದ್ಕೆ ಲೆಕ್ಕ ಇಲ್ಲ ತಮಾ, ಕೊಸರು” ಎಂದು ಕೈಗೆ ಹತ್ತಿದ್ದ ಉಪ್ಪನ್ನು ಸೆರಗಿಗೆ ಒರೆಸಿಕೊಂಡರು.